ಎಸ್ಕಲೇಟರಿನ ವೇಗ ಮತ್ತು ಸುರಕ್ಷತೆ: ನೆಲದಡಿಯ ರೈಲು ನಿಲ್ದಾಣಗಳು ಕಲಿಸುವ ಲೆಕ್ಕ

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳ ವ್ಯಾಪಾರಿ ಬಂಧುಗಳಿಗೆ ನೆಲದಡಿಯ ರೈಲು ನಿಲ್ದಾಣದ ಎಸ್ಕಲೇಟರಿನ ವಿಚಾರ ದೂರದ ಮಾತೆನಿಸಬಹುದು. ನಮ್ಮಲ್ಲಿರುವುದು ಕೊಂಕಣ ರೈಲ್ವೆಯ ನಿಲ್ದಾಣಗಳು. ಬಾರಕೂರು, ಕುಂದಾಪುರ, ಸೇನಾಪುರ, ಬೈಂದೂರು, ಎಲ್ಲವೂ ನೆಲದ ಮೇಲಿನವೇ. ಆದರೂ ಈ ವಿಷಯವನ್ನು ಆಯ್ದುಕೊಳ್ಳಲು ಎರಡು ಕಾರಣಗಳಿವೆ. ಮೊದಲನೆಯದಾಗಿ, ಹೋಟೆಲು, ಬೇಕರಿ, ಬಟ್ಟೆ ವ್ಯಾಪಾರ, ವಿದ್ಯಾಭ್ಯಾಸ, ಆಸ್ಪತ್ರೆ ಮುಂತಾದ ಕಾರಣಗಳಿಗಾಗಿ ನಮ್ಮ ಭಾಗದಿಂದ ಪ್ರತಿದಿನವೂ ಜನರು ಬೆಂಗಳೂರಿಗೆ ತೆರಳುತ್ತಾರೆ. ರಾತ್ರಿ ಬಸ್ಸಿನಲ್ಲೋ ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲೋ ಹೊರಟು ಬೆಳಗ್ಗೆ ಅಲ್ಲಿ ಇಳಿದವರಲ್ಲಿ ಅನೇಕರು ಮುಂದಿನ ಪ್ರಯಾಣಕ್ಕೆ ಆಶ್ರಯಿಸುವುದು ನೆಲದಡಿಯ ಮೆಟ್ರೋ ನಿಲ್ದಾಣಗಳನ್ನೇ. ಎರಡನೆಯದಾಗಿ, ನಮ್ಮ ಪೇಟೆಗಳಲ್ಲಿಯೂ ಬಹುಮಹಡಿ ವಾಣಿಜ್ಯ ಸಂಕೀರ್ಣಗಳು ತಲೆಯೆತ್ತುತ್ತಿದ್ದು, ಎಸ್ಕಲೇಟರ್ ಅಳವಡಿಸುವ ವಿಚಾರ ಕಟ್ಟಡ ಮಾಲೀಕರ ಮುಂದೆ ಬರುತ್ತಿದೆ. ಯಂತ್ರದ ದರಪಟ್ಟಿಯನ್ನು ನೋಡುವ ಮೊದಲು ಅದರ ವೇಗ ಮತ್ತು ಸುರಕ್ಷತೆಯ ಸಂಬಂಧವನ್ನು ಅರಿಯುವುದು ಒಳಿತು. ಈ ಸಂಬಂಧ ಅತ್ಯಂತ ಸ್ಪಷ್ಟವಾಗಿ ಕಾಣುವುದು, ಜನಸಂದಣಿಯೂ ಆಳವೂ ಹೆಚ್ಚಾಗಿರುವ ನೆಲದಡಿಯ ನಿಲ್ದಾಣಗಳಲ್ಲಿ.

ಬೆಂಗಳೂರಿನ ನೆಲದಡಿಯ ನಿಲ್ದಾಣಗಳು

ನಮ್ಮ ಮೆಟ್ರೋ ತನ್ನ ಸೇವೆಯನ್ನು ಆರಂಭಿಸಿದ್ದು 2011ರ ಅಕ್ಟೋಬರ್ 20ರಂದು, ಬೈಯಪ್ಪನಹಳ್ಳಿ ಮತ್ತು ಮಹಾತ್ಮಾ ಗಾಂಧಿ ರಸ್ತೆಗಳ ನಡುವೆ. ಅದು ಬಹುತೇಕ ಎತ್ತರಿಸಿದ ಮಾರ್ಗವಾಗಿತ್ತು. 2016ರ ಏಪ್ರಿಲ್ ತಿಂಗಳ ಕೊನೆಯಲ್ಲಿ ಪೂರ್ವ-ಪಶ್ಚಿಮ ಮಾರ್ಗದ ಸುಮಾರು 4.8 ಕಿ.ಮೀ. ಸುರಂಗ ಭಾಗವು ತೆರೆದುಕೊಂಡು, ಕಬ್ಬನ್ ಪಾರ್ಕ್, ವಿಧಾನಸೌಧ, ಸೆಂಟ್ರಲ್ ಕಾಲೇಜು, ಮೆಜೆಸ್ಟಿಕ್ ಹಾಗೂ ನಗರ ರೈಲು ನಿಲ್ದಾಣ ಎಂಬ ಐದು ನೆಲದಡಿಯ ನಿಲ್ದಾಣಗಳು ಬಳಕೆಗೆ ಬಂದವು. ದಕ್ಷಿಣ ಭಾರತದ ಮೊದಲ ನೆಲದಡಿಯ ಮೆಟ್ರೋ ಎಂಬ ಹೆಗ್ಗಳಿಕೆ ಈ ಭಾಗದ್ದು. 2017ರ ಜೂನ್ ತಿಂಗಳಲ್ಲಿ ಉತ್ತರ-ದಕ್ಷಿಣ ಮಾರ್ಗದ ಚಿಕ್ಕಪೇಟೆ ಮತ್ತು ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣಗಳು ತೆರೆದವು; ಮೆಜೆಸ್ಟಿಕ್ ನಿಲ್ದಾಣವು ಎರಡು ಮಾರ್ಗಗಳು ಕೂಡುವ ಸ್ಥಳವಾಯಿತು. ಕಾಳೇನ ಅಗ್ರಹಾರದಿಂದ ನಾಗವಾರದವರೆಗಿನ ಗುಲಾಬಿ ಮಾರ್ಗದಲ್ಲಿ ಇನ್ನೂ 12 ನೆಲದಡಿಯ ನಿಲ್ದಾಣಗಳ ಯೋಜನೆಯಿದೆ.

ಇಂತಹ ನಿಲ್ದಾಣದಲ್ಲಿ ಎಸ್ಕಲೇಟರ್ ಎಂಬುದು ಅಲಂಕಾರದ ವಸ್ತುವಲ್ಲ. ರೈಲು ಬಂದು ನಿಂತ ಕೂಡಲೆ ಇಳಿದ ನೂರಾರು ಜನರು ಮುಂದಿನ ರೈಲು ಬರುವುದರೊಳಗೆ ಪ್ಲಾಟ್‌ಫಾರ್ಮನ್ನು ತೆರವು ಮಾಡಬೇಕು. ತೆರವು ನಿಧಾನವಾದರೆ ಕಿರಿದಾದ ಜಾಗದಲ್ಲಿ ದಟ್ಟಣೆ ಹೆಚ್ಚುತ್ತದೆ; ಹಳಿಯ ಅಂಚಿನಲ್ಲಿ ಅಪಾಯ ಉಂಟಾಗುತ್ತದೆ. ಆದುದರಿಂದಲೇ ಇಲ್ಲಿ ವೇಗದ ಬೇಡಿಕೆಯೂ ಸುರಕ್ಷತೆಯ ಬೇಡಿಕೆಯೂ ಒಂದನ್ನೊಂದು ಎದುರಿಸಿ ನಿಲ್ಲುತ್ತವೆ.

ವೇಗ ಎಷ್ಟಿರಬೇಕು?

ಎಸ್ಕಲೇಟರಿನ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು, ಮೆಟ್ಟಿಲುಗಳು ಚಲಿಸುವ ಓರೆ ದಿಕ್ಕಿನಲ್ಲಿ ಅಳೆಯಲಾಗುತ್ತದೆ. ಪ್ರಪಂಚದಲ್ಲಿ ಸಾಮಾನ್ಯವಾಗಿ ಕಾಣುವ ವೇಗಗಳು ಮೂರು: 0.5, 0.65 ಮತ್ತು 0.75 ಮೀಟರ್. ಗಂಟೆಯ ಲೆಕ್ಕದಲ್ಲಿ ಇವು ಕ್ರಮವಾಗಿ 1.8, 2.34 ಮತ್ತು 2.7 ಕಿ.ಮೀ. ಆಗುತ್ತವೆ. ಆರೋಗ್ಯವಂತ ಮನುಷ್ಯನ ನಡಿಗೆ ಗಂಟೆಗೆ ನಾಲ್ಕೈದು ಕಿ.ಮೀ. ಇರುವುದರಿಂದ ಇವೆಲ್ಲವೂ ನಡಿಗೆಗಿಂತ ನಿಧಾನವೇ. ಹಾಗಾದರೆ ಅಪಾಯವೆಲ್ಲಿಂದ ಎಂಬ ಪ್ರಶ್ನೆ ಸಹಜ. ನಿಂತ ನೆಲದಿಂದ ಚಲಿಸುವ ಮೆಟ್ಟಿಲಿಗೆ ಕಾಲಿಡುವ ಮತ್ತು ಅಲ್ಲಿಂದ ಮತ್ತೆ ನಿಂತ ನೆಲಕ್ಕೆ ಕಾಲಿಡುವ ಎರಡು ಕ್ಷಣಗಳಲ್ಲಿಯೇ ಅಪಾಯದ ಹೆಚ್ಚಿನ ಪಾಲು ಅಡಗಿದೆ.

ಯುರೋಪಿನ ಇಎನ್ 115 ಎಂಬ ಮಾನದಂಡವು 30 ಡಿಗ್ರಿವರೆಗಿನ ಓರೆಗೆ ಗರಿಷ್ಠ 0.75 ಮೀಟರ್ ವೇಗವನ್ನೂ, 30ರಿಂದ 35 ಡಿಗ್ರಿ ಓರೆಗೆ ಗರಿಷ್ಠ 0.5 ಮೀಟರ್ ವೇಗವನ್ನೂ ಅನುಮತಿಸುತ್ತದೆ. 35 ಡಿಗ್ರಿಯ ಓರೆಯನ್ನು 6 ಮೀಟರಿಗಿಂತ ಹೆಚ್ಚು ಎತ್ತರಕ್ಕೆ ಬಳಸುವಂತಿಲ್ಲ. ಅಮೆರಿಕದಲ್ಲಿ ಮಿತಿ ನಿಮಿಷಕ್ಕೆ 100 ಅಡಿ, ಅಂದರೆ ಸುಮಾರು 0.5 ಮೀಟರ್. 1911ರಲ್ಲಿ ಅರ್ಲ್ಸ್ ಕೋರ್ಟ್ ನಿಲ್ದಾಣದಲ್ಲಿ ತನ್ನ ಮೊದಲ ಎಸ್ಕಲೇಟರನ್ನು ಆರಂಭಿಸಿದ ಲಂಡನ್ ಅಂಡರ್‌ಗ್ರೌಂಡ್ ಇಂದು ಸಾಮಾನ್ಯವಾಗಿ 0.75 ಮೀಟರ್ ವೇಗದಲ್ಲಿ ಓಡಿಸುತ್ತದೆ. ಭಾರತದ ಮೆಟ್ರೋಗಳಲ್ಲಿ 0.5ರಿಂದ 0.65 ಮೀಟರಿನ ವೇಗ ರೂಢಿಯಲ್ಲಿದೆ. ನಮ್ಮ ದೇಶದಲ್ಲಿ ಈ ಕುರಿತು 1968ರ ಐಎಸ್ 4591 ಸಂಹಿತೆಯಿದ್ದು, 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಎಂಟನೆಯ ಭಾಗದಲ್ಲಿಯೂ ಎಸ್ಕಲೇಟರುಗಳಿಗೆ ಪ್ರತ್ಯೇಕ ವಿಭಾಗವನ್ನು ಮೀಸಲಿಡಲಾಗಿದೆ.

ವೇಗ ಹೆಚ್ಚಿದಂತೆ ಇಳುವರಿ ಹೆಚ್ಚುವುದೇ?

ಇಲ್ಲಿ ಲೆಕ್ಕಪತ್ರದ ದೃಷ್ಟಿಯಿಂದ ಸ್ವಾರಸ್ಯಕರವಾದ ಒಂದು ಸಂಗತಿಯಿದೆ. ಒಂದು ಮೆಟ್ಟಿಲಿನ ಆಳ ಸುಮಾರು 0.4 ಮೀಟರ್. ಒಂದು ಮೀಟರ್ ಅಗಲದ ಮೆಟ್ಟಿಲಿನಲ್ಲಿ ಇಬ್ಬರು ನಿಲ್ಲಬಹುದು. ಪ್ರತಿಯೊಂದು ಮೆಟ್ಟಿಲೂ ತುಂಬಿ ಬರುತ್ತದೆಂದು ಭಾವಿಸಿದರೆ, 0.5 ಮೀಟರ್ ವೇಗದಲ್ಲಿ ಗಂಟೆಗೆ 9,000 ಜನ, 0.65ರಲ್ಲಿ 11,700 ಜನ, 0.75ರಲ್ಲಿ 13,500 ಜನ ಸಾಗಬೇಕು. ಇದು ಕಾಗದದ ಮೇಲಿನ ಲೆಕ್ಕ. ಯೋಜನೆ ರೂಪಿಸುವಾಗ ಇಎನ್ 115 ಮಾನದಂಡವು ಬಳಸಲು ಹೇಳುವ ಸಂಖ್ಯೆಗಳು ಮಾತ್ರ ಬೇರೆ: ಕ್ರಮವಾಗಿ 6,000, 7,300 ಮತ್ತು 8,200 ಜನ.

ಅಂದರೆ ವೇಗವನ್ನು ಒಂದೂವರೆ ಪಟ್ಟು ಹೆಚ್ಚಿಸಿದರೂ ಸಾಗುವ ಜನರು ಹೆಚ್ಚುವುದು ಶೇಕಡಾ 37ರಷ್ಟು ಮಾತ್ರ. ಕಾಗದದ ಸಾಮರ್ಥ್ಯದಲ್ಲಿ ನೈಜವಾಗಿ ದೊರೆಯುವ ಪಾಲು ಶೇಕಡಾ 67ರಿಂದ 61ಕ್ಕೆ ಇಳಿಯುತ್ತದೆ. ಕಾರಣ ಸರಳವಾದುದು. ಮೆಟ್ಟಿಲುಗಳು ವೇಗವಾಗಿ ಹೊರಬಂದಷ್ಟೂ ಜನರು ಕಾಲಿಡಲು ಹಿಂಜರಿಯುತ್ತಾರೆ. ಒಂದು ಮೆಟ್ಟಿಲನ್ನು ಖಾಲಿ ಬಿಟ್ಟು ಮುಂದಿನದಕ್ಕಾಗಿ ಕಾಯುತ್ತಾರೆ. ಕೈಯಲ್ಲಿ ಚೀಲ, ಪಕ್ಕದಲ್ಲಿ ಮಗು, ಜೊತೆಯಲ್ಲಿ ವಯಸ್ಸಾದ ತಾಯಿ ಇದ್ದವರಂತೂ ಇನ್ನಷ್ಟು ತಡೆಯುತ್ತಾರೆ. ವ್ಯಾಪಾರದಲ್ಲಿ ಬಂಡವಾಳ ಹೆಚ್ಚಿಸಿದಂತೆ ಲಾಭದ ಪ್ರಮಾಣ ಇಳಿಯುವ ಸೂತ್ರವೇ ಇಲ್ಲಿಯೂ ಕೆಲಸ ಮಾಡುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. ಒಂದು ರೈಲಿನಿಂದ 600 ಜನರು ಇಳಿದು, ಮೇಲೇರುವ ಎರಡು ಎಸ್ಕಲೇಟರುಗಳನ್ನು ಮಾತ್ರ ಬಳಸುತ್ತಾರೆಂದು ಇಟ್ಟುಕೊಳ್ಳೋಣ. ಮೇಲಿನ ನೈಜ ಸಾಮರ್ಥ್ಯದಂತೆ 0.5 ಮೀಟರ್ ವೇಗದಲ್ಲಿ ಎಲ್ಲರೂ ಹತ್ತಲು 3 ನಿಮಿಷ, 0.65ರಲ್ಲಿ ಸುಮಾರು ಎರಡೂವರೆ ನಿಮಿಷ, 0.75ರಲ್ಲಿ ಸುಮಾರು 2 ನಿಮಿಷ 12 ಸೆಕೆಂಡು ಬೇಕು. ಕೆಲವೇ ನಿಮಿಷಗಳಿಗೊಂದು ರೈಲು ಬರುವ ನಿಲ್ದಾಣದಲ್ಲಿ ಈ 48 ಸೆಕೆಂಡುಗಳ ಉಳಿತಾಯಕ್ಕೆ ಬೆಲೆಯಿದೆ. ಆದರೆ ಒಬ್ಬೊಬ್ಬ ಪ್ರಯಾಣಿಕನ ದೃಷ್ಟಿಯಿಂದ ನೋಡಿದರೆ, 15 ಮೀಟರ್ ಎತ್ತರವನ್ನು 30 ಡಿಗ್ರಿ ಓರೆಯಲ್ಲಿ ಏರಲು 0.5ರ ವೇಗದಲ್ಲಿ 60 ಸೆಕೆಂಡು, 0.65ರಲ್ಲಿ 46 ಸೆಕೆಂಡು. ಉಳಿಯುವುದು 14 ಸೆಕೆಂಡು. ದೆಹಲಿಯ ಜನಕಪುರಿ ಪಶ್ಚಿಮ ನಿಲ್ದಾಣದಲ್ಲಿ ಸುಮಾರು 15.6 ಮೀಟರ್ ಎತ್ತರದ ಎಸ್ಕಲೇಟರುಗಳಿರುವುದರಿಂದ ಈ ಲೆಕ್ಕ ಕೇವಲ ಕಲ್ಪನೆಯದಲ್ಲ.

ಎರಡು ಮಹಡಿಯ ಬಟ್ಟೆ ಅಂಗಡಿಗೆ ಈ ಲೆಕ್ಕವನ್ನು ಅನ್ವಯಿಸಿದರೆ ಉತ್ತರ ತಾನಾಗಿಯೇ ದೊರೆಯುತ್ತದೆ. ಅಲ್ಲಿ ರೈಲಿನ ಗಡಿಬಿಡಿಯಿಲ್ಲ. ನಾಲ್ಕೈದು ಮೀಟರ್ ಎತ್ತರಕ್ಕೆ ಉಳಿಯುವುದು ನಾಲ್ಕೈದು ಸೆಕೆಂಡು ಮಾತ್ರ. ಅದಕ್ಕಾಗಿ 0.5 ಮೀಟರಿಗಿಂತ ಹೆಚ್ಚಿನ ವೇಗವನ್ನು ಬಯಸುವುದು ಅಪಾಯವನ್ನು ಬೆಲೆ ಕೊಟ್ಟು ತಂದಂತೆ.

ವೇಗಕ್ಕೆ ತಕ್ಕ ಬ್ರೇಕು

ಚಲಿಸುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ 0.5ರಿಂದ 0.75ಕ್ಕೆ ಏರಿದರೆ ಬ್ರೇಕು ಹೀರಿಕೊಳ್ಳಬೇಕಾದ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ. ಹಾಗೆಂದು ಬ್ರೇಕನ್ನು ಬಿಗಿಗೊಳಿಸಿ ಥಟ್ಟನೆ ನಿಲ್ಲಿಸುವಂತೆಯೂ ಇಲ್ಲ. ಮೇಲೆ ನಿಂತವರು ಮುಗ್ಗರಿಸಿ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಆದುದರಿಂದ ಮಾನದಂಡವು ನಿಲುಗಡೆಯ ದೂರಕ್ಕೆ ಕನಿಷ್ಠ ಮತ್ತು ಗರಿಷ್ಠ ಎರಡೂ ಮಿತಿಗಳನ್ನು ಹಾಕಿದೆ. 0.5 ಮೀಟರ್ ವೇಗಕ್ಕೆ 0.2ರಿಂದ 1 ಮೀಟರ್, 0.65ಕ್ಕೆ 0.3ರಿಂದ 1.3 ಮೀಟರ್, 0.75ಕ್ಕೆ 0.4ರಿಂದ 1.5 ಮೀಟರ್ ದೂರದೊಳಗೆ ಮೆಟ್ಟಿಲುಗಳು ನಿಲ್ಲಬೇಕು. 6 ಮೀಟರಿಗಿಂತ ಎತ್ತರದ ಎಸ್ಕಲೇಟರುಗಳಿಗೆ ಎರಡನೆಯ, ಸಹಾಯಕ ಬ್ರೇಕು ಕಡ್ಡಾಯ. ನಿಗದಿತ ವೇಗಕ್ಕಿಂತ ಐದನೆಯ ಒಂದು ಭಾಗ ಮೀರುವ ಮುನ್ನವೇ, ಅಥವಾ ಮೇಲೇರುವ ಮೆಟ್ಟಿಲುಗಳು ಹಿಮ್ಮುಖವಾಗಿ ಚಲಿಸತೊಡಗಿದರೆ, ಯಂತ್ರವು ತಾನಾಗಿ ನಿಲ್ಲಬೇಕು.

ವೇಗ ಹೆಚ್ಚಿದಂತೆ ಆರಂಭ ಮತ್ತು ಅಂತ್ಯದಲ್ಲಿ ಸಮತಟ್ಟಾಗಿ ಚಲಿಸುವ ಮೆಟ್ಟಿಲುಗಳ ಉದ್ದವೂ ಹೆಚ್ಚಬೇಕು. 0.5ರ ವೇಗದ ಸಣ್ಣ ಎಸ್ಕಲೇಟರಿಗೆ 0.8 ಮೀಟರ್ ಸಾಕು, 0.65ಕ್ಕೆ 1.2 ಮೀಟರ್, 0.75ಕ್ಕೆ 1.6 ಮೀಟರ್ ಬೇಕು. ಮೆಟ್ಟಿಲಿಗೂ ಪಕ್ಕದ ತಗಡಿಗೂ ನಡುವಿನ ಸಂದು ಒಂದು ಬದಿಯಲ್ಲಿ 4 ಮಿ.ಮೀ. ಮೀರಬಾರದು. ಕೈ ಹಿಡಿಯುವ ರಬ್ಬರ್ ಪಟ್ಟಿ ಮೆಟ್ಟಿಲಿನ ವೇಗದಲ್ಲಿಯೇ, ಹೆಚ್ಚೆಂದರೆ ಶೇಕಡಾ 2ರಷ್ಟು ಮುಂದಾಗಿ ಚಲಿಸಬಹುದು, ಹಿಂದೆ ಬೀಳಬಾರದು. ಹಿಂದೆ ಬಿದ್ದರೆ ಹಿಡಿದವರನ್ನು ಅದೇ ಹಿಂದಕ್ಕೆ ಎಳೆಯುತ್ತದೆ. ಪಕ್ಕದ ತಗಡಿನುದ್ದಕ್ಕೂ ಕಾಣುವ ಬ್ರಷ್ಷನ್ನು ಚಪ್ಪಲಿ ಒರೆಸಲು ಇಟ್ಟಿರುವುದೆಂದು ಭಾವಿಸುವವರಿದ್ದಾರೆ. ಅದು ಕಾಲನ್ನೂ ಬಟ್ಟೆಯನ್ನೂ ಸಂದಿನಿಂದ ದೂರವಿಡುವ ಸಾಧನ. ನಮ್ಮ ದೇಶದಲ್ಲಿ ಅದನ್ನು ಸೀರೆ ಗಾರ್ಡ್ ಎಂದೇ ಕರೆಯುತ್ತಾರೆ.

ದುರಂತಗಳು ಹೇಳುವ ಪಾಠ

1982ರ ಫೆಬ್ರವರಿ 17ರಂದು ಮಾಸ್ಕೋದ ಅವಿಯಾಮೊಟೊರ್ನಾಯ ನಿಲ್ದಾಣದಲ್ಲಿ ಕೆಳಗಿಳಿಯುತ್ತಿದ್ದ ಎಸ್ಕಲೇಟರ್ ಹಿಡಿತ ತಪ್ಪಿ ವೇಗ ಪಡೆಯಿತು, ಬ್ರೇಕುಗಳು ತಡೆಯಲಿಲ್ಲ. ಕೆಳತುದಿಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದು 8 ಜನರು ಮೃತಪಟ್ಟರು. ಅದಕ್ಕೆ ಕೆಲವೇ ತಿಂಗಳ ಹಿಂದೆ ಹೊಸ ಮಾದರಿಯ ಬ್ರೇಕುಗಳನ್ನು ಅಳವಡಿಸಿ, ಹಳೆಯ ಮಾದರಿಯ ಸೂಚನೆಗಳಂತೆ ಅವುಗಳನ್ನು ಹೊಂದಿಸಲಾಗಿತ್ತು.

1987ರ ನವೆಂಬರ್ 18ರಂದು ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ ಮರದ ಎಸ್ಕಲೇಟರಿನ ಸಂದಿಯಲ್ಲಿ ಬಿದ್ದ ಬೆಂಕಿಕಡ್ಡಿ, ಕೆಳಗೆ ಶೇಖರಗೊಂಡಿದ್ದ ಗ್ರೀಸು ಮತ್ತು ಕಸಕ್ಕೆ ತಗಲಿ 31 ಜನರ ಪ್ರಾಣವನ್ನು ಬಲಿ ತೆಗೆದುಕೊಂಡಿತು. ಅಲ್ಲಿ ವೇಗದ ತಪ್ಪೇನೂ ಇರಲಿಲ್ಲ. ಶುಚಿತ್ವದ ಮತ್ತು ಮನೋಭಾವದ ಲೋಪವಿತ್ತು. ಸಣ್ಣಪುಟ್ಟ ಬೆಂಕಿಯನ್ನು ಬೆಂಕಿಯೆನ್ನದೆ 'ಹೊಗೆಯಾಡುವಿಕೆ' ಎಂದು ಕರೆದು ಸಮಾಧಾನಪಡುವ ರೂಢಿಯನ್ನು ಮುಂದಿನ ವರ್ಷ ಪ್ರಕಟವಾದ ಫೆನೆಲ್ ವಿಚಾರಣಾ ವರದಿ ಟೀಕಿಸಿತು. ಲೆಕ್ಕದ ಪುಸ್ತಕದಲ್ಲಿ ನಷ್ಟವನ್ನು ಬೇರೆ ಹೆಸರಿನಲ್ಲಿ ಬರೆದ ಮಾತ್ರಕ್ಕೆ ಅದು ಲಾಭವಾಗುವುದಿಲ್ಲ.

2011ರ ಜುಲೈ 5ರಂದು ಬೀಜಿಂಗಿನ ಮೃಗಾಲಯ ನಿಲ್ದಾಣದಲ್ಲಿ ಮೇಲೇರುತ್ತಿದ್ದ ಎಸ್ಕಲೇಟರ್ ಇದ್ದಕ್ಕಿದ್ದಂತೆ ಹಿಮ್ಮುಖವಾಗಿ ಚಲಿಸಿ ಒಬ್ಬ ಬಾಲಕ ಮೃತಪಟ್ಟು ಅನೇಕರು ಗಾಯಗೊಂಡರು. 2018ರ ಅಕ್ಟೋಬರ್ 23ರಂದು ರೋಮಿನ ರಿಪಬ್ಲಿಕಾ ನಿಲ್ದಾಣದಲ್ಲಿ ಕಾಲ್ಚೆಂಡು ಪಂದ್ಯಕ್ಕೆ ಹೊರಟಿದ್ದ ರಷ್ಯಾದ ಅಭಿಮಾನಿಗಳಿಂದ ತುಂಬಿದ್ದ ಎಸ್ಕಲೇಟರ್ ಏಕಾಏಕಿ ಕೆಳಮುಖವಾಗಿ ಧಾವಿಸಿತು. ಜನರು ಕುಣಿದುದೇ ಕಾರಣವೆಂಬ ಮಾತು ಮೊದಲಿಗೆ ಕೇಳಿಬಂದರೂ, ತನಿಖೆ ನಿರ್ವಹಣೆಯ ಲೋಪಗಳತ್ತ ಬೆರಳು ತೋರಿಸಿತು. ವ್ಯಾಪಾರಿಗಳು ಗಮನಿಸಬೇಕಾದ ಅಂಶ ಮುಂದಿದೆ: ನಗರದ ಹೃದಯಭಾಗದಲ್ಲಿರುವ ಆ ನಿಲ್ದಾಣ ಸುಮಾರು 8 ತಿಂಗಳು ಮುಚ್ಚಿತ್ತು. ಸುತ್ತಲಿನ ಅಂಗಡಿಕಾರರು ಗಿರಾಕಿಗಳಿಲ್ಲದೆ ಪರಿತಪಿಸಿದರು. ನಿರ್ವಹಣೆಯಲ್ಲಿ ಉಳಿಸಿದ ಹಣದ ಬೆಲೆಯನ್ನು ಅದಕ್ಕೆ ಸಂಬಂಧವೇ ಇಲ್ಲದವರು ತೆತ್ತರು.

ಈ ನಾಲ್ಕೂ ಘಟನೆಗಳಲ್ಲಿ ನಿಗದಿತ ವೇಗವೇ ನೇರ ಕಾರಣವಾದುದು ಒಂದೂ ಇಲ್ಲ. ಹಿಡಿತ ತಪ್ಪಿದ ವೇಗ ಮತ್ತು ನಿರ್ಲಕ್ಷಿತ ನಿರ್ವಹಣೆಗಳೇ ಜೀವಹಾನಿಗೂ ಗಾಯಗಳಿಗೂ ದಾರಿಯಾದವು.

ನಿಂತು ಸಾಗುವುದೋ, ನಡೆದು ಸಾಗುವುದೋ?

ಒಂದು ಬದಿಯಲ್ಲಿ ನಿಂತು ಮತ್ತೊಂದು ಬದಿಯನ್ನು ನಡೆಯುವವರಿಗೆ ಬಿಡುವ ಪದ್ಧತಿ ಶಿಷ್ಟಾಚಾರವೆಂದು ಅನೇಕ ದೇಶಗಳಲ್ಲಿ ಬೆಳೆದುಬಂದಿದೆ. ಲಂಡನ್ನಿನ ಹೋಲ್ಬರ್ನ್ ನಿಲ್ದಾಣದಲ್ಲಿ 2015 ಮತ್ತು 2016ರಲ್ಲಿ ಎರಡೂ ಬದಿಗಳಲ್ಲಿ ನಿಲ್ಲಿಸುವ ಪ್ರಯೋಗ ನಡೆಸಿದಾಗ, ದಟ್ಟಣೆಯ ಸಮಯದಲ್ಲಿ ಸಾಗುವ ಜನರ ಸಂಖ್ಯೆ ಸುಮಾರು ಶೇಕಡಾ 30ರಷ್ಟು ಹೆಚ್ಚಾಯಿತು. ಸುಮಾರು 23 ಮೀಟರ್ ಎತ್ತರದ ಆ ಮೆಟ್ಟಿಲುಗಳನ್ನು ನಡೆದು ಏರುವವರು ಕಡಮೆ. ಅವರಿಗಾಗಿ ಬಿಟ್ಟ ಅರ್ಧ ಭಾಗ ಬಹುತೇಕ ಖಾಲಿಯಾಗಿಯೇ ಸಾಗುತ್ತಿತ್ತು. ಜಪಾನಿನ ಸೈತಾಮ ಪ್ರಾಂತ್ಯವು 2021ರಲ್ಲಿಯೂ ನಗೋಯ ನಗರವು 2023ರಲ್ಲಿಯೂ ಎಸ್ಕಲೇಟರಿನ ಮೇಲೆ ನಿಂತೇ ಸಾಗಬೇಕೆಂಬ ನಿಯಮವನ್ನು ಜಾರಿಗೊಳಿಸಿದವು. ವೇಗವನ್ನು 0.5ರಿಂದ 0.75ಕ್ಕೆ ಏರಿಸಿ ಗಳಿಸುವ ಶೇಕಡಾ 37ರ ಬಹುಪಾಲನ್ನು, ಒಂದು ಪೈಸೆಯ ಖರ್ಚಿಲ್ಲದೆ ಶಿಸ್ತಿನಿಂದ ನಿಂತು ಗಳಿಸಬಹುದೆಂದಾಯಿತು.

ಕೆಟ್ಟು ನಿಂತ ಎಸ್ಕಲೇಟರನ್ನು ಸಾಮಾನ್ಯ ಮೆಟ್ಟಿಲಿನಂತೆ ಬಳಸುವುದೂ ಸರಿಯಲ್ಲ. 30 ಡಿಗ್ರಿ ಓರೆಯಲ್ಲಿ ಅದರ ಒಂದೊಂದು ಮೆಟ್ಟಿಲಿನ ಎತ್ತರ ಸುಮಾರು 23 ಸೆಂ.ಮೀ.; ನಮ್ಮ ಮನೆ, ಕಚೇರಿಗಳ ಮೆಟ್ಟಿಲಿಗಿಂತ ಹೆಚ್ಚು. ತುದಿಗಳಲ್ಲಿ ಎತ್ತರ ಒಂದೇ ಸಮನಾಗಿಯೂ ಇರುವುದಿಲ್ಲ.

ಕಾನೂನಿನ ಚೌಕಟ್ಟು

ಮೆಟ್ರೋ ನಿಲ್ದಾಣಗಳನ್ನು ಸಾರ್ವಜನಿಕರಿಗೆ ತೆರೆಯುವ ಮುನ್ನ ಮೆಟ್ರೋ ರೈಲು ಸುರಕ್ಷತಾ ಆಯುಕ್ತರ ಪರಿಶೀಲನೆ ಹಾಗೂ ಒಪ್ಪಿಗೆ ಅಗತ್ಯ. 2002ರ ಮೆಟ್ರೋ ರೈಲ್ವೆ ಅಧಿನಿಯಮ ಇದಕ್ಕೆ ಆಧಾರ. ಖಾಸಗಿ ಕಟ್ಟಡಗಳ ಮಟ್ಟಿಗೆ ನಮ್ಮ ರಾಜ್ಯದಲ್ಲಿ ಲಿಫ್ಟ್, ಎಸ್ಕಲೇಟರ್ ಮತ್ತು ಪ್ರಯಾಣಿಕರ ಕನ್ವೇಯರುಗಳ ಕುರಿತ 2012ರ ಕರ್ನಾಟಕ ಅಧಿನಿಯಮವಿದೆ. ಅಳವಡಿಸುವ ಮುನ್ನ ಅನುಮತಿ, ಓಡಿಸುವ ಮುನ್ನ ಪರವಾನಗಿ, ವಿದ್ಯುತ್ ಪರಿವೀಕ್ಷಣಾಲಯದ ತಪಾಸಣೆ, ಅಪಘಾತವಾದರೆ ವರದಿ, ಇವು ಅದರ ಮುಖ್ಯ ಅಂಶಗಳು. ಯಂತ್ರ ಮಾರುವ ಕಂಪನಿಯೇ ಎಲ್ಲವನ್ನೂ ನೋಡಿಕೊಳ್ಳುತ್ತದೆಂದು ಭಾವಿಸದೆ, ಪರವಾನಗಿಯ ಮೂಲ ಪ್ರತಿಯನ್ನು ಮಾಲೀಕರು ತಮ್ಮ ಕಡತದಲ್ಲಿ ಇಟ್ಟುಕೊಳ್ಳತಕ್ಕದ್ದು.

ಕಟ್ಟಡ ಮಾಲೀಕರಿಗೆ ಕೆಲವು ಸಲಹೆಗಳು

1. ಜಾಗ ಉಳಿಸಲು ಕಡಿದಾದ ಓರೆಯನ್ನು ಆರಿಸಬೇಡಿರಿ. ನಾಲ್ಕೂವರೆ ಮೀಟರ್ ಎತ್ತರದ ಮಹಡಿಗೆ 30 ಡಿಗ್ರಿಯ ಬದಲು 35 ಡಿಗ್ರಿ ಆರಿಸಿದರೆ ಓರೆ ಭಾಗದಲ್ಲಿ ಉಳಿಯುವುದು ಸುಮಾರು 1.4 ಮೀಟರ್ ಉದ್ದ ಮಾತ್ರ. ಇಳಿಯುವಾಗ ಹಿರಿಯರಿಗೆ ಆಗುವ ಭಯ ಅದಕ್ಕಿಂತ ದೊಡ್ಡದು.

2. ಎರಡೂ ತುದಿಗಳಲ್ಲಿ ತೆರೆದ ಜಾಗವನ್ನು ಬಿಡಿರಿ. ತುಂಬಿದ ಎಸ್ಕಲೇಟರ್ 0.65 ಮೀಟರ್ ವೇಗದಲ್ಲಿ ಸೆಕೆಂಡಿಗೆ ಇಬ್ಬರನ್ನು ತಂದಿಳಿಸುತ್ತದೆ. ಮೇಲ್ತುದಿಯಲ್ಲಿ ಒಬ್ಬರು ಬಿದ್ದು, ನಿಲುಗಡೆಯ ಗುಂಡಿಯನ್ನು ಒತ್ತಲು ಹತ್ತು ಸೆಕೆಂಡು ತಡವಾದರೆ ಇಪ್ಪತ್ತು ಜನರು ಅವರ ಮೇಲೆ ಬಂದಿರುತ್ತಾರೆ. ಆ ಜಾಗದಲ್ಲಿ ರಿಯಾಯಿತಿ ಮಾರಾಟದ ಮೇಜು ಇಡುವುದು ಸರ್ವಥಾ ಕೂಡದು.

3. ನಿರ್ವಹಣಾ ಒಪ್ಪಂದದಲ್ಲಿ ಬ್ರೇಕಿನ ನಿಲುಗಡೆ ದೂರ, ಪಕ್ಕದ ಸಂದು, ಕೈಪಟ್ಟಿಯ ವೇಗ ಇವುಗಳನ್ನು ಅಳೆದು ಸಂಖ್ಯೆಗಳನ್ನು ನಮೂದಿಸಬೇಕೆಂಬ ಷರತ್ತು ಇರಲಿ. 'ಪರಿಶೀಲಿಸಲಾಯಿತು, ಸರಿಯಿದೆ' ಎಂಬ ಒಂದು ಸಾಲಿನ ವರದಿ ಲೆಕ್ಕ ಪರಿಶೋಧಕನಿಗೂ ಸಾಲದು, ಮಾಲೀಕನಿಗೂ ಸಾಲದು. ನಮ್ಮ ಕರಾವಳಿಯ ಉಪ್ಪುಗಾಳಿ ಮತ್ತು ಮಳೆಗಾಲದ ತೇವಾಂಶವನ್ನು ಗಮನದಲ್ಲಿರಿಸಿ, ಸರಪಳಿ ಮತ್ತು ಬೇರಿಂಗುಗಳ ತುಕ್ಕಿನ ತಪಾಸಣೆಯನ್ನೂ ಸೇರಿಸಿರಿ.

4. 2013ರ ಕಂಪನಿ ಅಧಿನಿಯಮದ ಎರಡನೆಯ ಅನುಸೂಚಿಯು ಒಂದು ಆಸ್ತಿಯ ಮಹತ್ವದ ಭಾಗಗಳ ಬಾಳಿಕೆ ಬೇರೆಯಾಗಿದ್ದರೆ ಅವುಗಳ ಸವಕಳಿಯನ್ನು ಪ್ರತ್ಯೇಕವಾಗಿ ಲೆಕ್ಕ ಹಾಕುವಂತೆ ಹೇಳುತ್ತದೆ. ಚೌಕಟ್ಟು ಬಾಳುವಷ್ಟು ಕಾಲ ಮೆಟ್ಟಿಲಿನ ಸರಪಳಿಯಾಗಲಿ ಕೈಪಟ್ಟಿಯಾಗಲಿ ಬಾಳುವುದಿಲ್ಲ. ಕಂಪನಿಯಲ್ಲದ ಸಂಸ್ಥೆಗಳೂ ಈ ಕ್ರಮವನ್ನು ಅನುಸರಿಸಿದರೆ, ಬದಲಾವಣೆಯ ಖರ್ಚು ಎದುರಾದಾಗ ಹಣ ಸಿದ್ಧವಿರುತ್ತದೆ. ಮುಂದೂಡುವ ಪ್ರಸಂಗ ಬರುವುದಿಲ್ಲ.

5. ವಿದ್ಯುತ್ ಉಳಿಸಲು, ಜನರಿಲ್ಲದಾಗ ಸೆಕೆಂಡಿಗೆ ಸುಮಾರು 0.2 ಮೀಟರ್ ವೇಗಕ್ಕೆ ತಾನಾಗಿ ಇಳಿಯುವ ವ್ಯವಸ್ಥೆ ಲಭ್ಯವಿದೆ. ಉಳಿತಾಯಕ್ಕೆ ಇದು ಸರಿಯಾದ ದಾರಿ. ತಪಾಸಣೆಯನ್ನು ಕಡಿತಗೊಳಿಸುವುದು ತಪ್ಪು ದಾರಿ.

6. ಕೆಂಪು ನಿಲುಗಡೆ ಗುಂಡಿ ಎಲ್ಲಿದೆಯೆಂಬುದು ಕಾವಲುಗಾರನಿಂದ ಹಿಡಿದು ಮಾರಾಟದ ಹುಡುಗರವರೆಗೆ ಎಲ್ಲರಿಗೂ ತಿಳಿದಿರಲಿ.

ಪ್ರಯಾಣಿಕರ ಕರ್ತವ್ಯ

ಬೆಂಗಳೂರಿಗೆ ಹೊರಡುವ ನಮ್ಮ ಮನೆಯ ಹಿರಿಯರಿಗೆ ಹೇಳಬೇಕಾದುದು ಹೆಚ್ಚೇನಿಲ್ಲ. ಹಳದಿ ಗೆರೆಗಳ ನಡುವೆ ಕಾಲಿಡಬೇಕು. ಸೀರೆಯ ನೆರಿಗೆ, ಪಂಚೆಯ ಅಂಚನ್ನು ಎತ್ತಿ ಹಿಡಿಯಬೇಕು. ಒಂದು ಕೈಯಲ್ಲಿ ಪಟ್ಟಿಯನ್ನು ಹಿಡಿಯಬೇಕು. ಮಕ್ಕಳ ಮೃದುವಾದ ರಬ್ಬರ್ ಚಪ್ಪಲಿಗಳು ಪಕ್ಕದ ತಗಡಿಗೆ ತಾಗಬಾರದು. ದೊಡ್ಡ ಗಂಟುಮೂಟೆಗಳಿದ್ದರೆ, ಅಥವಾ ಹೆದರಿಕೆಯೆನಿಸಿದರೆ, ಲಿಫ್ಟನ್ನು ಬಳಸುವುದರಲ್ಲಿ ಸಂಕೋಚ ಪಡಬೇಕಾಗಿಲ್ಲ. ಇಳಿದ ಮೇಲೆ ಅಲ್ಲಿಯೇ ನಿಂತು ದಾರಿ ಹುಡುಕದೆ, ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಲ್ಲಬೇಕು. ಯಾರಾದರೂ ಬಿದ್ದುದನ್ನು ಕಂಡರೆ ಎತ್ತಲು ಓಡುವುದಕ್ಕಿಂತ ಮೊದಲು ಕೆಂಪು ಗುಂಡಿಯನ್ನು ಒತ್ತಬೇಕು.

ಎಸ್ಕಲೇಟರಿನ ವೇಗವನ್ನು ನಿರ್ಧರಿಸುವವರು ಸಾಮಾನ್ಯವಾಗಿ ಚುರುಕಾಗಿ ನಡೆಯಬಲ್ಲ ವಯಸ್ಸಿನವರು. ಆದರೆ ಅದರ ಮೇಲೆ ಕಾಲಿಡುವವರಲ್ಲಿ, ಜೀವಮಾನದಲ್ಲಿ ಮೊದಲ ಬಾರಿಗೆ ಅದನ್ನು ಕಾಣುವ ವೃದ್ಧೆಯೂ ಇರುತ್ತಾಳೆ. ಅವಳ ಹೆಜ್ಜೆಗೆ ಹೊಂದುವ ವೇಗವೇ ಅಂಗಡಿಗೆ ಸರಿಯಾದ ವೇಗ. ಅದಕ್ಕಿಂತ ಹೆಚ್ಚಿನ ವೇಗ ಬೇಕೇಬೇಕಾದ ರೈಲು ನಿಲ್ದಾಣಗಳಲ್ಲಿ, ಆ ಹೆಚ್ಚಳಕ್ಕೆ ತಕ್ಕಷ್ಟು ಬ್ರೇಕು, ಜಾಗ ಮತ್ತು ತಪಾಸಣೆಯನ್ನು ಒದಗಿಸುವುದು ನಡೆಸುವವರ ಹೊಣೆ.